ಗಿರಿ ಮೇಲೆ 50 ಕೆಜಿ, ಹಾಸನದಲ್ಲಿ 49.2 ಕೆಜಿ. ಇದು ಗುರುತ್ವಾಕರ್ಷಣೆಯಾ, ತಕ್ಕಡಿಯಾ?

ಗಿರಿ_ತೋಟ

ಮನೆಯಲ್ಲಿ ಒಂದು ಜಗಳ ನಡೆಯುತ್ತಿದೆ, ಬಗೆಹರಿಸಿ ಕೊಡಿ. ನಮ್ಮ ತೋಟ ಬಾಬಾಬುಡನ್‌ಗಿರಿ ಸೈಡಲ್ಲಿದೆ, ಎತ್ತರ ಸುಮಾರು 1,300 ಮೀಟರ್. ಕಣದಲ್ಲಿ ಒಣಗಿದ ಕಾಫಿ ಚೆರಿಯನ್ನು (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಮನೆಯ ಎಲೆಕ್ಟ್ರಾನಿಕ್ ಸ್ಕೇಲಲ್ಲಿ ತೂಗಿ, ಮೂಟೆಗೆ ಸರಿಯಾಗಿ 50 ಕೆಜಿ ತುಂಬಿ, ಬಾಯಿ ಹೊಲಿದು, ಅದೇ ದಿನ ಗಾಡಿಗೆ ಹಾಕಿ ಹಾಸನಕ್ಕೆ ಕಳಿಸುತ್ತೇವೆ. ಅಲ್ಲಿ ವ್ಯಾಪಾರಿಯ ಸ್ಕೇಲಲ್ಲಿ 49.2 ಬರುತ್ತದೆ. ಚೀಲದ ತೂಕ ಎರಡೂ ಕಡೆ ಕಳೆದೇ ಹೇಳುತ್ತಿದ್ದೇನೆ. ಒಂದು ಸಲ ಅಲ್ಲ, ಮೂರು ಸಲ ಹೀಗಾಯ್ತು. ಮೂಟೆಗೆ 800 ಗ್ರಾಂ ಮಾಯ.

ನಾನು ವ್ಯಾಪಾರಿಯ ಹತ್ತಿರ ಕೂಗಾಡಿ ಬಂದೆ. ನಮ್ಮ ಭಾವ ಮಾತ್ರ ಬೇರೆ ಕಥೆ ಹೇಳುತ್ತಾರೆ. ಅವರು ಬಿಎಸ್ಸಿ ಓದಿದವರು, ಅದನ್ನು ದಿನಕ್ಕೆ ಎರಡು ಸಲ ನೆನಪಿಸುತ್ತಾರೆ. ಅವರ ಪ್ರಕಾರ ರಾಶಿ (ದ್ರವ್ಯರಾಶಿ, ಅಂದರೆ ವಸ್ತು ಎಷ್ಟಿದೆ ಅನ್ನುವುದು) ಜಾಸ್ತಿ ಇದ್ದ ಕಡೆ ಸೆಳೆತ ಜಾಸ್ತಿ. ಗಿರಿ ಮೇಲೆ ನಿಂತರೆ ಕಾಲ ಕೆಳಗೆ ಅಷ್ಟು ಕಲ್ಲು ಮಣ್ಣು ಜಾಸ್ತಿ ಇದೆ, ಅದಕ್ಕೇ ಮೂಟೆ ಭಾರ. ಹಾಸನದಲ್ಲಿ ಬೆಟ್ಟ ಇಲ್ಲ, ಅದಕ್ಕೇ ಹಗುರ. ಕೇಳೋಕೆ ಸರಿ ಅನಿಸುತ್ತದೆ. ಆದರೂ 800 ಗ್ರಾಂ ದುಡ್ಡು ಬೆಟ್ಟಕ್ಕೆ ಬಿಟ್ಟುಕೊಡೋಕೆ ಮನಸ್ಸು ಬರುತ್ತಿಲ್ಲ.

ಬೇಲೂರು_ಬಸ್‌ಸ್ಟಾಂಡ್

ಭಾವನನ್ನು ಬಿಡಿ, ವ್ಯಾಪಾರಿಯನ್ನು ಹಿಡಿಯಿರಿ. ನಲವತ್ತು ವರ್ಷದಿಂದ ನೋಡುತ್ತಿದ್ದೇನೆ, ಬೆಳೆಗಾರನ ಮೂಟೆ ಕೆಳಗೆ ಇಳಿದರೆ ಹಗುರ ಆಗುತ್ತದೆ, ಮೇಲೆ ಹತ್ತಿದರೂ ಹಗುರ ಆಗುತ್ತದೆ.

ಅಡ್ಮಿನ್

ಯಾವ ವ್ಯಾಪಾರಿ ಅಂತ ಯಾರೂ ಹೆಸರು ಹಾಕಬೇಡಿ. ವಿಷಯ ಮಾತಾಡಿ.

ಎರಡನೇ_ಪಿಯುಸಿ

ನಮಗೆ ಈ ಪಾಠ ಮೊನ್ನೆ ತಾನೇ ಆಯ್ತು! ಎರಡು ವಸ್ತುಗಳ ರಾಶಿ ಗುಣಿಸಬೇಕು, ದೂರದ ವರ್ಗದಿಂದ ಭಾಗಿಸಬೇಕು. ಅಂದರೆ ದೂರ ಜಾಸ್ತಿ ಆದರೆ ಸೆಳೆತ ಕಮ್ಮಿ. ಹಾಗಾದರೆ ಗಿರಿ ಮೇಲೆ ಮೂಟೆ ಹಗುರ ಇರಬೇಕು, ಹಾಸನದಲ್ಲಿ ಭಾರ ಆಗಬೇಕು. ಭಾವ ಹೇಳಿದ್ದು ಉಲ್ಟಾ. ಆದರೆ ನಾನು ದೂರ ಅಂತ ಗಿರಿಯ ಎತ್ತರ 1,300 ಮತ್ತು ಹಾಸನದ ಎತ್ತರ 950 ಹಾಕಿ ಲೆಕ್ಕ ಮಾಡಿದೆ, ಹಾಸನದಲ್ಲಿ ತೂಕ ಹೆಚ್ಚುಕಮ್ಮಿ ಡಬಲ್ ಬರುತ್ತಿದೆ. ಎಲ್ಲಿ ತಪ್ಪಿದೆ?

ನಿವೃತ್ತ_ಮೇಷ್ಟ್ರು

ದೂರ ಎಲ್ಲಿಂದ ಅಳೆದೆ ಮಗು? ಸಮುದ್ರ ಮಟ್ಟದಿಂದ ಅಳೆದಿದ್ದೀಯ. ಅಳೆಯಬೇಕಾದ್ದು ಭೂಮಿಯ ನಡುಮಧ್ಯದಿಂದ. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಹತ್ತರಲ್ಲಿ ಎಂಟು ಮಕ್ಕಳು ಬೀಳುವ ಗುಂಡಿ ಇದೇ.

ಭೂಮಿಯ ಒಂದೊಂದು ಕಲ್ಲೂ ನಿನ್ನ ಮೂಟೆಯನ್ನು ಎಳೆಯುತ್ತದೆ. ಕಾಲ ಕೆಳಗಿನ ಕಲ್ಲು, ಹಾಸನದ ಕಲ್ಲು, ಅಮೆರಿಕದ ಕಲ್ಲು, ಎಲ್ಲವೂ ಅದರದರ ದಿಕ್ಕಿಗೆ ಎಳೆಯುತ್ತವೆ. ಇಷ್ಟನ್ನೂ ಕೂಡಿಸಿದರೆ ಏನಾಗುತ್ತದೆ ಅಂತ ನ್ಯೂಟನ್ ಲೆಕ್ಕ ಹಾಕಿ 1687ರ ಪುಸ್ತಕದಲ್ಲಿ ತೋರಿಸಿದ. ಗುಂಡಗಿರುವ ವಸ್ತು ಹೊರಗಿನವರನ್ನು ಎಳೆಯುವಾಗ, ಅದರ ರಾಶಿಯೆಲ್ಲ ನಡುವಿನ ಒಂದೇ ಚುಕ್ಕೆಯಲ್ಲಿ ಇದ್ದ ಹಾಗೆ ಎಳೆಯುತ್ತದೆ. ಹಾಗಾಗಿ ದೂರ ಅಂದರೆ 6,371 ಕಿಲೋಮೀಟರ್, ಅದರ ಮೇಲೆ ನಿಮ್ಮ ಬೆಟ್ಟ.

ಈಗ ಲೆಕ್ಕ ಮಾಡು. ಗಿರಿಗೂ ಹಾಸನಕ್ಕೂ ಎತ್ತರದ ವ್ಯತ್ಯಾಸ 350 ಮೀಟರ್ ಅಂತ ಇಟ್ಟುಕೊಳ್ಳೋಣ. ಅದು 6,371 ಕಿಲೋಮೀಟರಿನಲ್ಲಿ ಹದಿನೆಂಟು ಸಾವಿರಕ್ಕೆ ಒಂದು ಪಾಲು. ವರ್ಗ ಇರುವುದರಿಂದ ಪರಿಣಾಮ ಎರಡರಷ್ಟು, ಅಂದರೆ ಒಂಬತ್ತು ಸಾವಿರಕ್ಕೆ ಒಂದು. 50 ಕೆಜಿಗೆ ಐದೂವರೆ ಗ್ರಾಂ. ಹಾಸನದಲ್ಲಿ ಮೂಟೆ ಐದೂವರೆ ಗ್ರಾಂ ಭಾರ ತೋರಿಸಬೇಕಿತ್ತು. ಇವರಿಗೆ 800 ಗ್ರಾಂ ಹಗುರ ತೋರಿಸಿದೆ.

ಗಿರಿ_ತೋಟ

ಐದೂವರೆ ಗ್ರಾಂ ಅಂದರೆ ಒಂದು ಹಿಡಿ ಚೆರಿಯೂ ಇಲ್ಲ! ಭಾವನಿಗೆ ಓದಿ ಹೇಳಿದೆ. "ಹಾಗಾದರೆ ಬೆಟ್ಟದ ಕಲ್ಲು ಎಳೆಯೋದೇ ಇಲ್ವಾ?" ಅಂತ ಕೇಳುತ್ತಿದ್ದಾರೆ. ಒಪ್ಪಿಕೊಳ್ಳುವ ಜಾಯಮಾನ ಅಲ್ಲ ಅವರದು.

ನಿವೃತ್ತ_ಮೇಷ್ಟ್ರು

ಒಳ್ಳೆ ಪ್ರಶ್ನೆ ಕೇಳಿದ್ದಾರೆ, ನಗಬೇಡಿ. ಬೆಟ್ಟವೂ ಎಳೆಯುತ್ತದೆ. ಮೇಲೆ ಹತ್ತಿದಾಗ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಭೂಮಿಯ ನಡುವಿನಿಂದ ದೂರ ಹೋಗುತ್ತೀರಿ, ಸೆಳೆತ ಕಮ್ಮಿ ಆಗುತ್ತದೆ. ಜೊತೆಗೆ ಕಾಲ ಕೆಳಗೆ ಹೊಸದಾಗಿ ಒಂದಿಷ್ಟು ಕಲ್ಲು ಸೇರಿಕೊಳ್ಳುತ್ತದೆ, ಸೆಳೆತ ಜಾಸ್ತಿ ಆಗುತ್ತದೆ. ಭೂಗರ್ಭ ಶಾಸ್ತ್ರದವರು ಈ ಎರಡನ್ನೂ ಬೇರೆ ಬೇರೆ ಲೆಕ್ಕ ಹಾಕುತ್ತಾರೆ. ನಿಂತಿರುವುದು ಅಗಲವಾದ ಎತ್ತರದ ನೆಲ ಆದರೆ, ದೂರದಿಂದ ಕಳೆದುಕೊಂಡದ್ದರಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಆ ಕಲ್ಲು ವಾಪಸ್ ಕೊಡುತ್ತದೆ. ಚೂಪಾದ ಬೆಟ್ಟ ಆದರೆ ಅಷ್ಟೂ ಕೊಡುವುದಿಲ್ಲ. ಹಾಗಾಗಿ ಐದೂವರೆ ಗ್ರಾಂ ಅಂದದ್ದು ನಿಜವಾಗಿ ಮೂರೂವರೆಯಿಂದ ಐದೂವರೆ ಒಳಗೆ ಎಲ್ಲೋ ಇರುತ್ತದೆ. ಪೈಪೋಟಿಯಲ್ಲಿ ದೂರವೇ ಗೆದ್ದಿತು. ನಿಮ್ಮ ಭಾವನಿಗೆ ಮೂರಕ್ಕೆ ಒಂದು ಮಾರ್ಕ್ಸ್ ಕೊಡಬಹುದು.

ಗಿರಿ_ತೋಟ

ಅದನ್ನು ಅವರಿಗೆ ಹೇಳಲ್ಲ.

ಗಾರೆ_ಕೆಲಸ_ಹಾಸನ

ಬೆಟ್ಟ ಕೆಳಕ್ಕೆ ಎಳೆಯುವುದಾದರೆ ಪಕ್ಕಕ್ಕೂ ಎಳೆಯಬೇಕಲ್ಲ? ಮುಳ್ಳಯ್ಯನಗಿರಿ ಬುಡದಲ್ಲಿ ಮನೆ ಕಟ್ಟಿದರೆ ನಮ್ಮ ತೂಗುಗುಂಡು ಬೆಟ್ಟದ ಕಡೆ ವಾಲುತ್ತದಾ? ಹಾಗಾದರೆ ಗೋಡೆ ಸೊಟ್ಟ ಆಗಬೇಕು.

ನಿವೃತ್ತ_ಮೇಷ್ಟ್ರು

ವಾಲುತ್ತದೆ! ಇದನ್ನೇ 1774ರಲ್ಲಿ ನೆವಿಲ್ ಮ್ಯಾಸ್ಕಲೈನ್ ಅನ್ನುವ ಖಗೋಳ ವಿಜ್ಞಾನಿ ಸ್ಕಾಟ್ಲೆಂಡಿನ ಶಿಹಾಲಿಯನ್ ಅನ್ನುವ ಬೆಟ್ಟದಲ್ಲಿ ಅಳೆದ. ಬೆಟ್ಟದ ಉತ್ತರಕ್ಕೊಂದು, ದಕ್ಷಿಣಕ್ಕೊಂದು ಜಾಗದಲ್ಲಿ ಟೆಂಟು ಹಾಕಿ, ತಿಂಗಳುಗಟ್ಟಲೆ ಮಳೆ ಮಂಜಿನಲ್ಲಿ ಕೂತು, ನಕ್ಷತ್ರಗಳನ್ನು ಗುರುತಿಟ್ಟುಕೊಂಡು ದಾರ ಎಷ್ಟು ವಾಲಿದೆ ಅಂತ ನೋಡಿದ. ಎರಡೂ ಬದಿ ಸೇರಿ ಬಂದದ್ದು ಒಂದು ಡಿಗ್ರಿಯನ್ನು 310 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಒಂದು ಬದಿಗೆ ಅದರ ಅರ್ಧ. ನಿಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಹತ್ತು ಮೀಟರ್ ಉದ್ದದ ದಾರದ ತುದಿ ಕಾಲು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಜರುಗುತ್ತದೆ. ಗಾಳಿ ಬಂದರೆ ಅದರ ನೂರರಷ್ಟು ಅಲ್ಲಾಡುತ್ತದೆ. ನಿಮ್ಮ ಗೋಡೆಗೆ ಏನೂ ಆಗಲ್ಲ.

ಆ ಬೆಟ್ಟದ ಗಾತ್ರ, ಕಲ್ಲಿನ ತೂಕ ಗೊತ್ತಿತ್ತು. ಬೆಟ್ಟ ಇಷ್ಟು ಎಳೆದರೆ ಭೂಮಿ ಅಷ್ಟು ಎಳೆಯುತ್ತದೆ, ಹಾಗಾದರೆ ಭೂಮಿ ಎಷ್ಟು ತೂಗಬೇಕು ಅಂತ ತಿರುಗಿಸಿ ಲೆಕ್ಕ ಹಾಕಿದರು. ಭೂಮಿ ಸರಾಸರಿ ನೀರಿನ ನಾಲ್ಕೂವರೆಯಷ್ಟು ದಟ್ಟ ಅಂತ ಬಂತು. ಈಗ ಗೊತ್ತಿರುವುದು ಐದೂವರೆ. ದಾರಕ್ಕೆ ಕಟ್ಟಿದ ಗುಂಡು, ನಕ್ಷತ್ರ, ಒಂದು ಬೆಟ್ಟ ಇಟ್ಟುಕೊಂಡು ಅಷ್ಟು ಹತ್ತಿರ ಬಂದಿದ್ದಾರೆ ಅಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಸಕಲೇಶಪುರ_ಮಳೆ

ಎಲ್ಲವೂ ಎಲ್ಲವನ್ನೂ ಎಳೆಯುತ್ತದೆ ಅಂದಮೇಲೆ ನನ್ನ ಗೋಡೌನಿನಲ್ಲಿ ಮೂಟೆಗಳು ಒಂದಕ್ಕೊಂದು ಅಂಟಿಕೊಳ್ಳಬೇಕಲ್ವಾ. ನಮ್ಮ ಕಡೆ ಆನೆಗಳಿವೆ, ನಾಲ್ಕು ಟನ್ನಿನವು. ಅವು ಒಂದನ್ನೊಂದು ಎಷ್ಟು ಎಳೆಯುತ್ತವೆ? ಸುಮ್ನೆ ಕುತೂಹಲಕ್ಕೆ.

ಎರಡನೇ_ಪಿಯುಸಿ

ನಾನು ಮಾಡುತ್ತೇನೆ! ನಾಲ್ಕು ಸಾವಿರ ಕೆಜಿಯ ಎರಡು ಆನೆ, ನಡುವಿನಿಂದ ನಡುವಿಗೆ ಐದು ಮೀಟರ್ ದೂರ. ಗುರುತ್ವ ಸ್ಥಿರಾಂಕ ಅಂದರೆ 6.674 ಬರೆದು ಅದನ್ನು ಹತ್ತರಿಂದ ಹನ್ನೊಂದು ಸಲ ಭಾಗಿಸಿದ ಸಂಖ್ಯೆ. ಬಂದ ಉತ್ತರ: ಒಂದಾನೆ ಇನ್ನೊಂದನ್ನು ಎಳೆಯುವುದು ಸುಮಾರು 4.4 ಮಿಲಿಗ್ರಾಂ ತೂಕದಷ್ಟು ಬಲದಲ್ಲಿ. ಅಂದರೆ ಎರಡು ಸಾಸಿವೆ ಕಾಳು. ಎಂಟು ಸಾವಿರ ಕೆಜಿಯ ಭೂಮಿ ನಡುಗಿಸುವ ಆನೆಗಳು, ಎರಡು ಸಾಸಿವೆ!

ಕಾಫಿ ಮೂಟೆಯನ್ನೂ ನೋಡಿದೆ. ಎರಡು 50 ಕೆಜಿ ಮೂಟೆ, ಒಂದು ಮೀಟರ್ ದೂರ. ಒಂದು ಸಾಸಿವೆ ಕಾಳನ್ನು ನೂರು ಚೂರು ಮಾಡಿದರೆ ಒಂದು ಚೂರಿನ ತೂಕದಷ್ಟೂ ಬರಲಿಲ್ಲ.

ಸಕಲೇಶಪುರ_ಮಳೆ

ಅದೇ ಆನೆಗಳು ಹತ್ತು ಮೀಟರ್ ದೂರ ಹೋದರೆ ಒಂದು ಸಾಸಿವೆ ಆಗುತ್ತದಾ? ಅರ್ಧ?

ಎರಡನೇ_ಪಿಯುಸಿ

ಇಲ್ಲ, ಅರ್ಧ ಸಾಸಿವೆ. ದೂರ ಎರಡರಷ್ಟು ಆದರೆ ಸೆಳೆತ ನಾಲ್ಕನೇ ಒಂದು. ಮೂರರಷ್ಟು ಆದರೆ ಒಂಬತ್ತನೇ ಒಂದು. ರಾಶಿ ಮಾತ್ರ ನೇರ. ಒಂದು ಆನೆಯ ತೂಕ ಡಬಲ್ ಮಾಡಿದರೆ ಸೆಳೆತ ಡಬಲ್. ಎರಡೂ ಆನೆ ಡಬಲ್ ಆದರೆ ನಾಲ್ಕರಷ್ಟು.

ಹಾಸನದ_ಸೊಸೆ

ನಾನು ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ದೂರಕ್ಕೆ ಮಾತ್ರ ವರ್ಗ ಯಾಕೆ? ಸೂತ್ರದಲ್ಲಿ ಹಾಗಿದೆ ಅನ್ನಬೇಡಿ.

ನಿವೃತ್ತ_ಮೇಷ್ಟ್ರು

ನಿಮ್ಮ ಅಡುಗೆಮನೆಯಲ್ಲೇ ಇದೆ ಉತ್ತರ. ಒಂದು ಸೌಟು ದೋಸೆ ಹಿಟ್ಟು ತೆಗೆದುಕೊಳ್ಳಿ. ಚಿಕ್ಕ ದೋಸೆ ಹುಯ್ದರೆ ದಪ್ಪ ಇರುತ್ತದೆ. ಅದೇ ಸೌಟು ಹಿಟ್ಟಿನಲ್ಲಿ ಎರಡರಷ್ಟು ಅಗಲದ ದೋಸೆ ಹುಯ್ದರೆ ದಪ್ಪ ಅರ್ಧ ಆಗಲ್ಲ, ಕಾಲು ಭಾಗ ಆಗುತ್ತದೆ. ಯಾಕೆಂದರೆ ಹಿಟ್ಟು ಉದ್ದಕ್ಕೂ ಹರಡಬೇಕು, ಅಗಲಕ್ಕೂ ಹರಡಬೇಕು. ಮೂರರಷ್ಟು ಅಗಲ ಮಾಡಿದರೆ ಒಂಬತ್ತನೇ ಒಂದು ಪಾಲು, ಪೇಪರ್ ದೋಸೆ. ಭೂಮಿಯ ಸೆಳೆತವೂ ಸುತ್ತ ಎಲ್ಲ ಕಡೆಗೆ ಹರಡುತ್ತದೆ ಅಂದುಕೊಳ್ಳಿ. ದೂರ ಹೋದ ಹಾಗೆ ಅದು ಹಾಸಿಕೊಳ್ಳಬೇಕಾದ ಜಾಗ ದೂರದ ವರ್ಗದಷ್ಟು ದೊಡ್ಡದಾಗುತ್ತದೆ. ಹಿಟ್ಟು ಮಾತ್ರ ಅದೇ ಒಂದು ಸೌಟು. ದೀಪದ ಬೆಳಕೂ ಹೀಗೇ ತೆಳ್ಳಗಾಗುತ್ತದೆ.

ರಾಶಿ ಅಂದರೆ ಹಿಟ್ಟು ಎಷ್ಟು ಅನ್ನುವುದು. ಎರಡು ಸೌಟು ಹಾಕಿದರೆ ಎಲ್ಲ ಕಡೆಯೂ ಎರಡರಷ್ಟು ದಪ್ಪ. ಅದಕ್ಕೆ ವರ್ಗ ಬೇಡ.

ಹಾಸನದ_ಸೊಸೆ

ಕಾಲೇಜಲ್ಲಿ ಯಾರೂ ಹೀಗೆ ಹೇಳಲಿಲ್ಲ. ಇವತ್ತು ರಾತ್ರಿ ದೋಸೆಯೇ.

ಬೇಲೂರು_ಬಸ್‌ಸ್ಟಾಂಡ್

ಎರಡು ಸಾಸಿವೆಯಷ್ಟು ಬಲವನ್ನು ಯಾರು ಅಳೆದರು? ಆನೆಗಳ ನಡುವೆ ತಕ್ಕಡಿ ಇಟ್ಟರಾ?

ನಿವೃತ್ತ_ಮೇಷ್ಟ್ರು

ಆನೆ ಬದಲು ಸೀಸದ ಗುಂಡು ಇಟ್ಟರು. 1798ರಲ್ಲಿ ಹೆನ್ರಿ ಕ್ಯಾವೆಂಡಿಶ್ ಮಾಡಿದ್ದು. ತೆಳು ತಂತಿಗೆ ಒಂದು ಅಡ್ಡಪಟ್ಟಿ ತೂಗುಹಾಕಿ, ಎರಡು ತುದಿಗೂ 730 ಗ್ರಾಮಿನ ಪುಟ್ಟ ಗುಂಡು ಕಟ್ಟಿದ. ಪಕ್ಕಕ್ಕೆ 158 ಕೆಜಿಯ ದೊಡ್ಡ ಗುಂಡುಗಳನ್ನು ತಂದ. ಪುಟ್ಟವು ದೊಡ್ಡವುಗಳ ಕಡೆ ಒಂದು ಕೂದಲೆಳೆ ತಿರುಗಿದವು. ಮನುಷ್ಯ ಒಳಗೆ ನಿಂತರೆ ಮೈ ಶಾಖಕ್ಕೆ ಗಾಳಿ ಅಲ್ಲಾಡಿ ಲೆಕ್ಕ ಕೆಡುತ್ತದೆ ಅಂತ ಕೋಣೆ ಮುಚ್ಚಿ, ಹೊರಗಿನಿಂದ ದುರ್ಬೀನು ಹಾಕಿ ನೋಡಿದ. ಭೂಮಿ ನೀರಿನ 5.48ರಷ್ಟು ದಟ್ಟ ಅಂತ ಉತ್ತರ ಬಂತು. ಬೆಟ್ಟಕ್ಕಿಂತ ಸೀಸದ ಗುಂಡೇ ಸರಿಯಾಗಿ ಹೇಳಿತು.

ಸಾಲಗಾಮೆ_ರೋಡ್

ದೂರದ ವಿಷಯ ಬಂದದ್ದಕ್ಕೆ ಒಂದು ಮಾತು. ಹಾಸನದ ನಮ್ಮ ಸಾಲಗಾಮೆ ರಸ್ತೆಯಲ್ಲೇ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಅಂದರೆ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ಇದೆ, 1982ರಿಂದ. ಆ ದೊಡ್ಡ ಡಿಶ್‌ಗಳನ್ನು ಎಲ್ಲರೂ ನೋಡಿರುತ್ತೀರಿ. ಅವು ಮಾತಾಡುವ ಉಪಗ್ರಹಗಳು ನೆಲದಿಂದ ಸುಮಾರು 36,000 ಕಿಲೋಮೀಟರ್ ಮೇಲಿವೆ. ಭೂಮಿಯ ನಡುವಿನಿಂದ ಎಣಿಸಿದರೆ ನಾವು ಇರುವುದಕ್ಕಿಂತ 6.6 ಪಟ್ಟು ದೂರ. 6.6ರ ವರ್ಗ ಹತ್ತಿರ ಹತ್ತಿರ 44. ಅಂದರೆ ಅಲ್ಲಿ ಭೂಮಿಯ ಸೆಳೆತ ಇಲ್ಲಿಯ 44ನೇ ಒಂದು ಪಾಲು. ಗಿರಿ ತೋಟದ 50 ಕೆಜಿ ಮೂಟೆಯನ್ನು ಅಲ್ಲಿಗೆ ಒಯ್ದರೆ ಭೂಮಿ ಅದನ್ನು 1,140 ಗ್ರಾಂ ತೂಕದಷ್ಟು ಮಾತ್ರ ಎಳೆಯುತ್ತದೆ. 800 ಗ್ರಾಂ ಕಳೆದುಕೊಳ್ಳೋಕೂ ಎಷ್ಟು ಮೇಲೆ ಹೋಗಬೇಕು ಅಂತ ಲೆಕ್ಕ ಹಾಕಿದೆ: ಸುಮಾರು 50 ಕಿಲೋಮೀಟರ್. ಅಷ್ಟು ಎತ್ತರದಲ್ಲಿ ತೋಟ ಮಾಡಿದವರು ಯಾರೂ ಇಲ್ಲ.

ಇನ್ನೊಂದು ಮಜಾ ಇದೆ. ಭೂಮಿ ನಿಜವಾಗಿ ಸರಿಯಾದ ಗುಂಡು ಅಲ್ಲ, ಒಳಗೆ ರಾಶಿ ಹೆಚ್ಚುಕಮ್ಮಿ ಹಂಚಿದೆ, ಸಮಭಾಜಕದ ಸುತ್ತಳತೆಯೂ ಸ್ವಲ್ಪ ಸೊಟ್ಟ. ಅಷ್ಟು ಮೇಲಿನ ಉಪಗ್ರಹಕ್ಕೂ ಈ ಸೊಟ್ಟ ಗೊತ್ತಾಗುತ್ತದೆ. ಭೂಮಿಯ ಜೊತೆಗೇ ತಿರುಗುತ್ತಾ ಒಂದೇ ಜಾಗದ ಮೇಲೆ ನಿಲ್ಲಬೇಕಾದ ಅದು, ಸುಮ್ನೆ ಬಿಟ್ಟರೆ ನಿಧಾನವಾಗಿ ಪಕ್ಕಕ್ಕೆ ಜಾರುತ್ತದೆ. ಜಾರಿ ನಿಲ್ಲುವ ಎರಡು ತಗ್ಗುಗಳಿವೆ, ಒಂದು ಅಮೆರಿಕದ ಕಡೆ, ಇನ್ನೊಂದು ಸುಮಾರು 75 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಚಿಕ್ಕಮಗಳೂರು ಎಷ್ಟು ಗೊತ್ತಾ? 75.8. ಹೆಚ್ಚುಕಮ್ಮಿ ನಮ್ಮ ನೇರ ದಕ್ಷಿಣಕ್ಕೆ, ಸಮಭಾಜಕದ ಮೇಲೆ, ಆಕಾಶದಲ್ಲಿ ಒಂದು ಹಳ್ಳ. ಇದರ ಜೊತೆ ಚಂದ್ರ ಸೂರ್ಯ ಬೇರೆ ಆ ಉಪಗ್ರಹಗಳನ್ನು ಉತ್ತರ ದಕ್ಷಿಣಕ್ಕೆ ಎಳೆಯುತ್ತಿರುತ್ತಾರೆ. ಆಗಾಗ ಸಣ್ಣ ರಾಕೆಟ್ ಉರಿಸಿ ಜಾಗಕ್ಕೆ ತಂದು ಕೂರಿಸುತ್ತಿರಬೇಕು.

ಎರಡನೇ_ಪಿಯುಸಿ

ಅಷ್ಟು ದೂರಕ್ಕೂ ಸೆಳೆತ ಇದ್ದರೆ ಬಾಹ್ಯಾಕಾಶ ನಿಲ್ದಾಣದಲ್ಲಿ ಯಾಕೆ ತೇಲುತ್ತಾರೆ? ಅದು ಬರೀ 400 ಕಿಲೋಮೀಟರ್ ಮೇಲೆ.

ಸಾಲಗಾಮೆ_ರೋಡ್

ಅಲ್ಲಿ ಸೆಳೆತ ಇಲ್ಲಿಯ ನೂರಕ್ಕೆ 88ರಷ್ಟು ಇದೆ. ಅವರು ಬೀಳುತ್ತಲೇ ಇದ್ದಾರೆ, ನಿಲ್ದಾಣವೂ ಅವರ ಜೊತೆಗೇ ಬೀಳುತ್ತಿದೆ. ಪಕ್ಕಕ್ಕೆ ಅಷ್ಟು ಜೋರಾಗಿ ಓಡುತ್ತಿರುವುದರಿಂದ ನೆಲ ಸಿಗುವುದಿಲ್ಲ, ಅಷ್ಟೇ. ಸ್ಕೇಲ್ ಇಟ್ಟು ಅದರ ಮೇಲೆ ನಿಂತರೆ ಸ್ಕೇಲೂ ಬೀಳುತ್ತಿರುತ್ತದೆ, ಸೊನ್ನೆ ತೋರಿಸುತ್ತದೆ.

ಹಾಸನದ_ಸೊಸೆ

ಚಂದ್ರನ ಮೇಲೆ ಆರನೇ ಒಂದು ಪಾಲು ತೂಕ ಅಂತಾರೆ. ಚಂದ್ರನ ರಾಶಿ ಭೂಮಿಯ ಆರನೇ ಒಂದಾ?

ನಿವೃತ್ತ_ಮೇಷ್ಟ್ರು

ಅಲ್ಲ, 81ನೇ ಒಂದು. ರಾಶಿ ಒಂದನ್ನೇ ನೋಡಿದರೆ ಮೂಟೆ ಅಲ್ಲಿ 600 ಗ್ರಾಂ ತೂಗಬೇಕು. ಆದರೆ ಚಂದ್ರ ಪುಟ್ಟದು, ಅದರ ನೆಲದಿಂದ ನಡುವಿಗೆ ಬರೀ 1,737 ಕಿಲೋಮೀಟರ್. ನಡುವಿಗೆ ಅಷ್ಟು ಹತ್ತಿರ ಇರುವುದರಿಂದ ಹದಿಮೂರು ಪಟ್ಟಿಗಿಂತ ಜಾಸ್ತಿ ವಾಪಸ್ ಬರುತ್ತದೆ, ಎಂಟು ಕೆಜಿ ಚಿಲ್ಲರೆ ಆಗುತ್ತದೆ. ಇಲ್ಲೂ ರಾಶಿ ಒಂದು ಕಡೆ, ದೂರ ಇನ್ನೊಂದು ಕಡೆ. ಭಾವನ ತಪ್ಪೂ ಇದೇ, ರಾಶಿ ನೋಡಿದರು, ದೂರ ಮರೆತರು.

ಸ್ಕೇಲ್_ರಿಪೇರಿ

ನಿಮ್ಮ ಚಂದ್ರ ಆನೆ ಎಲ್ಲ ಆಯ್ತಲ್ಲ, ಈಗ ಸ್ಕೇಲ್ ಬಗ್ಗೆ ಮಾತಾಡೋಣ. ಇಪ್ಪತ್ತು ವರ್ಷದಿಂದ ಇದೇ ಕೆಲಸ ನಂದು.

ಹಳೇ ಕಾಲದ ಎರಡು ತಟ್ಟೆ ತಕ್ಕಡಿ ಎಲ್ಲಿ ಇಟ್ಟರೂ ಒಂದೇ ಹೇಳುತ್ತದೆ, ಚಂದ್ರನ ಮೇಲೂ. ಸೆಳೆತ ಕಮ್ಮಿ ಆದರೆ ಕಲ್ಲಿಗೂ ಕಮ್ಮಿ, ಮಾಲಿಗೂ ಕಮ್ಮಿ. ಅದು ರಾಶಿಗೆ ರಾಶಿ ಹೋಲಿಸುತ್ತದೆ. ಎಲೆಕ್ಟ್ರಾನಿಕ್ ಸ್ಕೇಲ್ ಹಾಗಲ್ಲ. ಒಳಗೆ ಲೋಡ್ ಸೆಲ್ ಅನ್ನುವ ಲೋಹದ ತುಂಡು ಇದೆ, ಭಾರಕ್ಕೆ ಕಣ್ಣಿಗೆ ಕಾಣದಷ್ಟು ಬಗ್ಗುತ್ತದೆ, ಆ ಬಾಗನ್ನು ಕೆಜಿ ಅಂತ ತೋರಿಸುತ್ತದೆ. ಅದಕ್ಕೆ ಗೊತ್ತಾಗುವುದು ಒತ್ತುವ ಬಲ ಮಾತ್ರ. ಹಾಗಾಗಿ ಊರು ಬದಲಾದರೆ ಸ್ವಲ್ಪ ಬದಲಾಗುತ್ತದೆ, ನಿಜ. ಆದರೆ ಎತ್ತರಕ್ಕಿಂತ ಉತ್ತರ ದಕ್ಷಿಣವೇ ಜಾಸ್ತಿ ಆಟ ಆಡಿಸುತ್ತದೆ. ಭೂಮಿ ತಿರುಗುವುದರಿಂದ, ಸಮಭಾಜಕದ ಹತ್ತಿರ ಹೊಟ್ಟೆ ಉಬ್ಬಿರುವುದರಿಂದ, ನಮ್ಮ ಕಡೆ ಸೆಳೆತ ದೆಹಲಿಗಿಂತ ಕಮ್ಮಿ. ಬೀಳುವ ವಸ್ತುವಿನ ವೇಗ ಒಂದೊಂದು ಸೆಕೆಂಡಿಗೆ ಸೆಕೆಂಡಿಗೆ ಎಷ್ಟು ಮೀಟರಿನಷ್ಟು ಏರುತ್ತದೆ ಅನ್ನುವ ಲೆಕ್ಕದಲ್ಲಿ ದೆಹಲಿಯಲ್ಲಿ ಸುಮಾರು 9.791, ನಮ್ಮಲ್ಲಿ 9.780 ಆಸುಪಾಸು. ದೆಹಲಿಯಲ್ಲಿ ಸೆಟ್ ಮಾಡಿದ ಸ್ಕೇಲನ್ನು ಹಾಗೇ ತಂದು ಹಾಸನದಲ್ಲಿಟ್ಟರೆ 50 ಕೆಜಿಗೆ 55 ಗ್ರಾಂ ಕಮ್ಮಿ ತೋರಿಸುತ್ತದೆ. ಅದಕ್ಕೇ ಬಳಸುವ ಜಾಗದಲ್ಲೇ ಮುದ್ರೆ ಬಿದ್ದ ತೂಕದ ಬಟ್ಟು ಇಟ್ಟು ಸೆಟ್ ಮಾಡಬೇಕು ಅನ್ನುವುದು.

ಇಷ್ಟೆಲ್ಲ ಸೇರಿಸಿದರೂ 800 ಗ್ರಾಂ ಆಗಲ್ಲ. ಚೆರಿ ಒಣಗಿ ತೂಕ ಇಳಿಯುತ್ತದೆ ಅಂತ ಯಾರಾದರೂ ಹೇಳಬಹುದು, ಆದರೆ ಹೊಲಿದ ಮೂಟೆ ಒಂದೇ ದಿನದಲ್ಲಿ ಅಷ್ಟು ನೀರು ಬಿಡಲ್ಲ. ಎರಡರಲ್ಲಿ ಒಂದು ಸ್ಕೇಲ್ ಸುಳ್ಳು ಹೇಳುತ್ತಿದೆ. ಯಾವುದು ಅಂತ ನಾನು ಹೇಳಲ್ಲ. ಪರಿಚಯದ ಅಂಗಡಿಯಿಂದ ಮುದ್ರೆ ಇರುವ 20 ಕೆಜಿ ಬಟ್ಟು ತನ್ನಿ. ಮೊದಲು ನಿಮ್ಮ ಮನೆಯ ಸ್ಕೇಲ್ ಮೇಲೆ ಇಡಿ.

ಬೇಲೂರು_ಬಸ್‌ಸ್ಟಾಂಡ್

ಮೊದಲು ವ್ಯಾಪಾರಿಯದ್ದರ ಮೇಲೆ ಇಡಲಿ.

ಸ್ಕೇಲ್_ರಿಪೇರಿ

ಮನೆಯದ್ದು ಮೊದಲು.

ಗಿರಿ_ತೋಟ

ನಾಲ್ಕು ದಿನ ಆಯ್ತು, ಉತ್ತರ ಹಾಕೋಕೆ ಸ್ವಲ್ಪ ನಾಚಿಕೆ ಆಗಿ ತಡ ಮಾಡಿದೆ.

ಬಟ್ಟು ತಂದೆ. ಮನೆ ಸ್ಕೇಲ್ ಮೇಲೆ ಇಟ್ಟೆ. 20.32 ತೋರಿಸಿತು. ತೆಗೆದು ಮತ್ತೆ ಇಟ್ಟೆ, 20.32. ಅಂದರೆ ನನ್ನ ಸ್ಕೇಲ್ 50 ಅಂದಾಗ ಮೂಟೆಯಲ್ಲಿ ಇದ್ದದ್ದು 49.2. ವ್ಯಾಪಾರಿಯ ಸ್ಕೇಲಲ್ಲೂ ಅದೇ ಬಟ್ಟು ಇಟ್ಟು ನೋಡಿದೆ, ಸರಿಯಾಗಿ 20.00. ಅವರ ಮುಖ ನೋಡೋಕಾಗಲಿಲ್ಲ. ಕಾಫಿ ಕೊಟ್ಟರು, ಕುಡಿದೆ.

ಕಳೆದ ಮಳೆಗಾಲದಲ್ಲಿ ಸ್ಕೇಲನ್ನು ಕಣದ ಶೆಡ್ಡಿನಿಂದ ಒಳಗೆ ತಂದಿದ್ದೆವು. ಆಗ ಯಾರೋ ಬಟನ್ ಒತ್ತಿ ಏನೋ ಸೆಟ್ ಮಾಡಿದ್ದಾರೆ. ಯಾರು ಅಂತ ವಿಚಾರಿಸುತ್ತಿದ್ದೆ. ಭಾವ ಎದ್ದು ಹಿತ್ತಲ ಕಡೆ ಹೋದರು. ಸಂಜೆ ವಾಪಸ್ ಬಂದು, ಇಲ್ಲಿ ಮೇಷ್ಟ್ರು ಬರೆದದ್ದನ್ನು ನನ್ನ ಫೋನಲ್ಲಿ ಪೂರ್ತಿ ಓದಿ, "ಮೂರಕ್ಕೆ ಒಂದು ಮಾರ್ಕ್ಸ್ ಅಂತ ಇದೆಯಲ್ಲ, ನನಗೆ ಯಾಕೆ ಹೇಳಲಿಲ್ಲ?" ಅಂತ ಕೇಳಿದರು.

ಸ್ಕೇಲ್_ರಿಪೇರಿ

ಶನಿವಾರ ಆ ಕಡೆ ಬರುತ್ತೇನೆ, ಸೆಟ್ ಮಾಡಿ ಕೊಡುತ್ತೇನೆ. ಬಟ್ಟು ವಾಪಸ್ ಕೊಡಬೇಡಿ, ಇರಲಿ. ಭಾವನನ್ನು ಮಾತ್ರ ದೂರ ಇಡಿ.

ಎರಡನೇ_ಪಿಯುಸಿ

ಎಷ್ಟು ದೂರ? ಎರಡರಷ್ಟು ಇಟ್ಟರೆ ಪರಿಣಾಮ ನಾಲ್ಕನೇ ಒಂದು.